ಮಹಬೂಬ್ ಭಾಯಿಯ ಕ್ಲಿಯರ್, ನನ್ನ ಬೆಂಕಿಪೊಟ್ಟಣ

ನಾನು ಇಪ್ಪತ್ತೆರಡು ವರ್ಷಗಳಿಂದ ಕೋಲಾರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಕಲಿಸುವುದಕ್ಕೂ ತಿಳಿದಿರುವುದಕ್ಕೂ ನಡುವೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಈಗ ಕರಾರುವಾಕ್ಕಾಗಿ ಹೇಳಬಲ್ಲೆ. ಒಂದು ಸಣ್ಣ ಕಾರಿನ ಬಾನೆಟ್ಟಿನ ಅಗಲ. ಹೋದ ತಿಂಗಳವರೆಗೂ ಎರಡೂ ಒಂದೇ ಎಂದು ನಂಬಿದ್ದೆ. ಆವಿಯಾಗುವ ದ್ರವಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು, ಯಾವುದರ ಆವಿ ಎಷ್ಟು ಉಷ್ಣತೆಯಲ್ಲಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆಂದು ಪುಸ್ತಕ ನೋಡದೆ ಹೇಳುವವನು ನಾನು. ನಮ್ಮ ಪ್ರಯೋಗಾಲಯದ ಗೋಡೆಯಲ್ಲಿ ಮರಳು ತುಂಬಿದ ಕೆಂಪು ಬಕೆಟ್ಟುಗಳು ನೇತಾಡುತ್ತಿವೆ. ಅವುಗಳಲ್ಲಿ ಮರಳಿಗಿಂತ ಕಡಲೆಕಾಯಿ ಸಿಪ್ಪೆ ಜಾಸ್ತಿ ಇದೆ, ಆ ಸಿಪ್ಪೆಯಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಹೇಳಲಿರುವುದು ಅದಕ್ಕಿಂತ ನಾಚಿಕೆಗೇಡಿನದು.

ತೊಂದರೆ ಶುರುವಾದದ್ದು ನನ್ನ ಕಾರಿನ ಬಣ್ಣದಿಂದ. ಕೊಂಡಾಗ ಅದು ಕಡು ಕೆಂಪಾಗಿತ್ತು. ಹತ್ತು ಬೇಸಗೆಗಳು ಕಾಲೇಜಿನ ಬಯಲಿನಲ್ಲಿ ನಿಂತು ನಿಂತು ಅದರ ನೆತ್ತಿ ಬೆಳ್ಳಗಾಯಿತು, ಬಾನೆಟ್ಟಿನ ಮೇಲಿನ ಹೊಳಪು ಬಿಸಿಲಿಗೆ ಸುಟ್ಟ ಮೂಗಿನ ಚರ್ಮದಂತೆ ಚೂರುಚೂರಾಗಿ ಎದ್ದು ಬಂತು. ಒಂದು ದಿನ ಯಾವನೋ ವಿದ್ಯಾರ್ಥಿ ಹಿಂದಿನ ಗಾಜಿನ ಧೂಳಿನಲ್ಲಿ ಬೆರಳಿನಿಂದ ‘ತೊಳೆಯಿರಿ’ ಎಂದು ಬರೆದಿದ್ದ. ತೊಳೆದೆ. ಮಾರನೆಯ ದಿನ ಅದೇ ಜಾಗದಲ್ಲಿ ‘ಕ್ಷಮಿಸಿ’ ಎಂದು ಬರೆದಿತ್ತು. ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಆದರೆ ಯಲ್ದೂರಿನಲ್ಲಿರುವ ನನ್ನ ಅಕ್ಕ ಸಹಿಸಲಿಲ್ಲ. ತಾಯಿ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಹನ್ನೆರಡು ವರ್ಷ ದೊಡ್ಡವಳು. ಅವಳ ಮಾತಿಗೆ ನಾನು ಈ ಐವತ್ತನೆಯ ವಯಸ್ಸಿನಲ್ಲೂ ಮೊದಲು ‘ಹೂಂ’ ಎಂದು ಆಮೇಲೆ ಅರ್ಥ ಮಾಡಿಕೊಳ್ಳುತ್ತೇನೆ.

‘ಲೇ ಸೀನ, ಮಾವಿನಕಾಯಿ ವ್ಯಾಪಾರಕ್ಕೆ ಬರೋರೆಲ್ಲ ನಮ್ಮ ಬಾಗಿಲಲ್ಲಿ ನಿನ್ನ ಕಾರು ನೋಡಿ ಕೇಳ್ತಾರೆ ಕಣೋ, ಸಂತೇಲಿ ಮಿಕ್ಕಿದ ಟೊಮೆಟೊ ಥರ ಇದ್ಯಲ್ಲ, ಯಾರದಮ್ಮಾ ಇದು ಅಂತ. ನನ್ನ ತಮ್ಮಂದು, ಕಾಲೇಜಲ್ಲಿ ಪಾಠ ಹೇಳ್ತಾನೆ ಅನ್ನಕ್ಕೆ ನಾಲಿಗೆ ಬರಲ್ಲ. ಈ ಸಲ ಬಣ್ಣ ಹೊಡೆಸ್ದೆ ನಮ್ಮೂರಿಗೆ ತರಬ್ಯಾಡ,’ ಎಂದಳು.

ಹೀಗೆ ನಾನು ಮುಳಬಾಗಿಲು ರಸ್ತೆಯಲ್ಲಿರುವ ಮಹಬೂಬ್ ಭಾಯಿಯ ಷೆಡ್ಡಿಗೆ ಹೋದೆ. ಮಹಬೂಬ್ ಭಾಯಿ ಅರವತ್ತರ ಹತ್ತಿರದ ಮನುಷ್ಯ, ಸಣಕಲು ದೇಹ, ನರೆತ ಗಡ್ಡ. ಅವರ ತಾತ ಎತ್ತಿನಗಾಡಿಗಳಿಗೂ ಮದುವೆ ಪೆಟ್ಟಿಗೆಗಳಿಗೂ ಬಣ್ಣ ಬಳಿಯುತ್ತಿದ್ದರಂತೆ, ಅಪ್ಪ ಲಾರಿಗಳಿಗೆ. ಮನೆಯಲ್ಲಿ ಉರ್ದು, ಗಿರಾಕಿಯೊಂದಿಗೆ ಗಿರಾಕಿಯ ಭಾಷೆ. ಕಾರನ್ನು ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಉಗುರು ಆಡಿಸಿ, ‘ಬಣ್ಣ ಸತ್ತಿಲ್ಲ ಮೇಷ್ಟ್ರೇ, ಮೇಲಿನ ಕ್ಲಿಯರ್ ಸತ್ತಿದೆ. ಅದು ಹೋದ್ಮೇಲೆ ಬಿಸಿಲು ನೇರ ಬಣ್ಣಕ್ಕೇ ಬಿತ್ತು,’ ಎಂದರು. ಕ್ಲಿಯರ್ ಎಂದರೆ ಬಣ್ಣದ ಮೇಲೆ ಹೊಡೆಯುವ, ನೀರಿನಂತೆ ತಿಳಿಯಾದ ವಾರ್ನಿಷ್ ಎಂದು ಅವರಿಂದಲೇ ತಿಳಿದದ್ದು. ಮೊದಲು ಹಳೆಯದನ್ನು ಉಜ್ಜಿ ತೆಗೆಯುತ್ತಾರೆ, ಆಮೇಲೆ ಅಕ್ರಿಲಿಕ್ ಬಣ್ಣ, ಅದು ಒಣಗಿದ ಮೇಲೆ ಎರಡು ಪದರ ಕ್ಲಿಯರ್. ಮನೆಗೆ ಬಂದು ಹೆಂಡತಿಗೆ ವಿವರಿಸಿದೆ. ‘ಬಣ್ಣಾನೇ ಇಲ್ಲದ್ದನ್ನ ಬಣ್ಣದ ಮೇಲೆ ಯಾಕೆ ಹೊಡೀಬೇಕು? ಕಣ್ಣಿಗೆ ಕಾಣದ್ದಕ್ಕೆ ನೀವು ಬೇಗ ಮರುಳಾಗ್ತೀರಿ,’ ಎಂದಳು. ನಾನು ಪೇಪರು ಬಿಡಿಸಿಕೊಂಡೆ. ಪಾಠದಲ್ಲಾದರೆ ರಾಳ, ದ್ರಾವಕ, ಪದರ ಎಂದು ಮೂರು ಪುಟ ಬರೆಸುತ್ತಿದ್ದೆ.

ನಾಲ್ಕು ದಿನ ಬಿಟ್ಟು ನೋಡಲು ಹೋದರೆ ಕಾರಿಗೆ ಬಣ್ಣವೇನೋ ಆಗಿತ್ತು. ಆದರೆ ಯಾರೋ ಒಣ ಕೆಮ್ಮಣ್ಣು ಸಾರಿಸಿದಂತಿತ್ತು. ಹೊಳಪಿಲ್ಲ, ಜೀವವಿಲ್ಲ. ನನ್ನ ಮುಖ ನೋಡಿ ಮಹಬೂಬ್ ಭಾಯಿ ನಕ್ಕರು. ಚಿಕ್ಕಂದಿನಲ್ಲಿ ನಾನೂ ಅಕ್ಕನೂ ದೇವರಾಯಸಮುದ್ರದ ಕೆರೆಯ ಅಂಚಿನಲ್ಲಿ ಬಣ್ಣದ ಕಲ್ಲು ಆರಿಸುತ್ತಿದ್ದೆವು. ನೀರಿನಲ್ಲಿ ಮಾಣಿಕ್ಯದಂತಿದ್ದದ್ದು ಮನೆಗೆ ತರುವಷ್ಟರಲ್ಲಿ ಒಣಗಿ ಬರಿಯ ಜಲ್ಲಿಯಾಗುತ್ತಿತ್ತು. ನಾನು ಅಳುತ್ತಿದ್ದೆ. ಅಕ್ಕ ಅದನ್ನು ಬಾಯಿಗೆ ಹಾಕಿಕೊಂಡು ತೆಗೆದು, ‘ನೋಡೋ, ಒಳಗೇ ಇದೆ,’ ಎಂದು ತೋರಿಸುತ್ತಿದ್ದಳು. ಇದನ್ನು ಹೇಳಿದಾಗ ಮಹಬೂಬ್ ಭಾಯಿಗೆ ಬಹಳ ಖುಷಿಯಾಯಿತು. ‘ಅಷ್ಟೇ ಮೇಷ್ಟ್ರೇ. ಯಾವತ್ತೂ ಒಣಗದ ನೀರು, ಅದೇ ಕ್ಲಿಯರ್. ನೋಡಬೇಕು ಅಂದ್ರೆ ಶುಕ್ರವಾರ ಬೆಳಿಗ್ಗೆ ಬನ್ನಿ. ನಮಾಜ್‌ಗೆ ಮುಂಚೆ ಮುಗಿಸ್ತೀನಿ,’ ಎಂದರು.

ಶುಕ್ರವಾರ ಎಂದು ಕೇಳಿದ್ದೇ ಅಕ್ಕ ಫೋನಿನಲ್ಲಿ, ‘ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಪೂಜೆ ಆಗ್ಬೇಕು. ಹೊಸ ಬಣ್ಣ ಅಂದ್ರೆ ಹೊಸ ಗಾಡಿ ಇದ್ದಂಗೆ,’ ಎಂದಳು. ನಾನು ಹೂಂ ಎಂದೆ. ನಮ್ಮ ಕಡೆ ಹೊಸ ಗಾಡಿಗೆ ಕರ್ಪೂರ ಬೆಳಗದೆ ಒಂದು ಅಡಿ ಮುಂದಕ್ಕೆ ಬಿಡುವುದಿಲ್ಲ. ಸೈಕಲ್ಲಾದರೂ ಸರಿ, ಜೆಸಿಬಿಯಾದರೂ ಸರಿ. ಪೂಜೆ ಗಾಡಿಯ ಎದುರು ಆಗಬೇಕು, ಗಾಡಿ ಎಲ್ಲಿದೆಯೋ ಅಲ್ಲಿ ಆಗಬೇಕು. ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ನನಗೂ ಅನ್ನಿಸಿರಲಿಲ್ಲ. ರಸಾಯನಶಾಸ್ತ್ರದ ಮೇಷ್ಟ್ರಿಗೂ ಅನ್ನಿಸಲಿಲ್ಲ ಎಂದು ನೀವು ಓದಿಕೊಳ್ಳಬೇಕು.

ಅಕ್ಕ ಮೊದಲ ಬಸ್ಸಿಗೇ ಬಂದಳು. ಕೈಯಲ್ಲಿ ಬುಟ್ಟಿ, ಅದರಲ್ಲಿ ತಟ್ಟೆ, ಅರಿಶಿನ ಕುಂಕುಮ, ನಿಂಬೆಹಣ್ಣು, ಊದುಬತ್ತಿ, ಕರ್ಪೂರ. ಬೆಂಕಿಪೊಟ್ಟಣ ಮಾತ್ರ ಬುಟ್ಟಿಯಲ್ಲಿ ಹಣ್ಣಿನ ಅಡಿಗೆ ಹೋಗಿ ಒದ್ದೆಯಾಗುತ್ತದೆಂದು ನನ್ನ ಅಂಗಿ ಜೇಬಿಗೆ ಹಾಕಿ, ‘ನೀನಿಟ್ಕೋ,’ ಎಂದಳು. ಷೆಡ್ಡಿನ ಹೊರಗೆ ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಕೂತಳು. ಮಹಬೂಬ್ ಭಾಯಿ ಬಂದು ಮಾತಾಡಿಸಿದರು. ಅವಳು ಯಲ್ದೂರಿನವಳೆಂದು ತಿಳಿದು, ಆ ಕಡೆ ಹೆಚ್ಚಾಗಿ ಆಡುವ ತೆಲುಗಿಗೆ ಇಳಿದರು. ಮಾವಿನ ಹೂವು, ಈ ಸಲದ ಮಂಜು, ಜಿಗಿಹುಳು ಎಂದು ಇಬ್ಬರೂ ನನ್ನನ್ನು ಪೂರ್ತಿ ಮರೆತು ಮಾತಾಡಿದರು.

ಒಳಗೆ ಬಿಡುವ ಮುಂಚೆ ಮಹಬೂಬ್ ಭಾಯಿ ನನಗೆ ನಿಯಮಗಳನ್ನು ಹೇಳಿದರು. ಚಪ್ಪಲಿ ಹೊರಗೆ, ಫೋನು ಹೊರಗೆ, ಗೋಡೆಯ ಸ್ವಿಚ್ಚು ಮುಟ್ಟಬಾರದು, ನಿಂತ ಜಾಗದಿಂದ ಅಲ್ಲಾಡಬಾರದು. ‘ಜೇಬಲ್ಲಿ ಇನ್ನೇನಾದ್ರೂ ಇದ್ಯಾ ಮೇಷ್ಟ್ರೇ?’ ಎಂದು ಕೇಳಿದರು. ನಾನು ಪ್ಯಾಂಟಿನ ಎರಡೂ ಜೇಬು ತಟ್ಟಿ ತೋರಿಸಿ ಇಲ್ಲ ಎಂದೆ. ಅಂಗಿಗೂ ಜೇಬಿದೆ ಎಂಬುದು ಆ ಹೊತ್ತಿಗೆ ನನ್ನ ಜ್ಞಾನದ ವ್ಯಾಪ್ತಿಯಲ್ಲಿರಲಿಲ್ಲ. ತರಗತಿಯಲ್ಲಿ ಅರ್ಥವಾಗದ ಹುಡುಗರು ಹೇಗೆ ಎಲ್ಲರಿಗಿಂತ ಬೇಗ ತಲೆಯಾಡಿಸುತ್ತಾರೋ ಹಾಗೆ ತಲೆಯಾಡಿಸಿದೆ. ಅವರು ನನ್ನ ಮೂಗಿಗೆ ದಪ್ಪ ಬಟ್ಟೆಯ ಪಟ್ಟಿ ಕಟ್ಟಿಸಿ ಬಾಗಿಲ ಬಳಿ ನಿಲ್ಲಿಸಿದರು.

ಅಲ್ಲಿಂದ ಮುಂದಿನ ಒಂದು ಗಂಟೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಅದರ ಕೊನೆ ಹಾಗಾಗದಿದ್ದರೂ ಮರೆಯುತ್ತಿರಲಿಲ್ಲ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿದ್ದರು. ಸುತ್ತ ಪ್ಲಾಸ್ಟಿಕ್ ಪರದೆ, ಬಾಗಿಲಿಗೆ ಒದ್ದೆ ಗೋಣಿ. ಗೋಡೆಯ ಫ್ಯಾನು ಧೂಳು ಎಳೆದು ತರುತ್ತದೆಂದು ಅದನ್ನೂ ನಿಲ್ಲಿಸಿದ್ದರು. ಹೆಂಗಸರು ಮಗುವಿನ ಮೈ ಒರೆಸುವಂತೆ ಮಹಬೂಬ್ ಭಾಯಿ ಮೆತ್ತನೆಯ ಬಟ್ಟೆಯಿಂದ ಇಡೀ ಕಾರನ್ನು ಒರೆಸಿ, ಬಗ್ಗಿ, ಓರೆಗಣ್ಣಿನಿಂದ ನೋಡಿ, ಕಾಣದ ಯಾವುದೋ ಒಂದು ಎಳೆಯನ್ನು ಎರಡು ಬೆರಳಲ್ಲಿ ಎತ್ತಿದರು. ಆಮೇಲೆ ಕ್ಲಿಯರ್ ತುಂಬಿದ ಸಿಂಪಡಿಸುವ ಗನ್ನು ಕೈಗೆತ್ತಿಕೊಂಡರು. ಕೈ ತೋಳಿನಿಂದ ಅಲ್ಲ, ಸೊಂಟದಿಂದ ಹೊರಟು ನೇರ ಗೆರೆಯಲ್ಲಿ ಹೋಗಿ ಬರುತ್ತಿತ್ತು, ಉಸಿರಾಟಕ್ಕೆ ಸರಿಯಾಗಿ. ಅದು ಹೋದ ಕಡೆಯೆಲ್ಲ ಆ ಒಣ ಕೆಮ್ಮಣ್ಣು ಕಣ್ಣು ಬಿಡುತ್ತಾ ಬಂತು. ಮೊದಲ ಪದರಕ್ಕೆ ಬಣ್ಣ ಒದ್ದೆಯಾಯಿತು. ಹತ್ತು ನಿಮಿಷ ನಿಂತು ಕಾದರು. ಎಲ್ಲಿಂದಲೋ ಒಂದು ನೊಣ ಬಂತು. ಅದನ್ನು ಅವರು ನೋಡಿದ ರೀತಿಗೆ ಅದು ತಿರುಗಿ ಹೋಯಿತು. ಎರಡನೆಯ ಪದರಕ್ಕೆ ಕಾರು ಕಾರಾಗಿ ಉಳಿಯಲಿಲ್ಲ. ತಗಡಿನ ಮೇಲೆ ಆಳ ಹುಟ್ಟಿತ್ತು. ಕೈ ಅದ್ದಿದರೆ ಮೊಣಕೈವರೆಗೆ ಮುಳುಗೀತು ಎನ್ನಿಸುವ ಕೆಂಪು. ಬಾಗಿಲ ಬಳಿ ನಿಂತಿದ್ದ ನಾನು ಕಾರಿನ ಬದಿಯಲ್ಲಿ ನನ್ನನ್ನೇ ನೋಡಿದೆ. ಇಷ್ಟು ಸ್ಪಷ್ಟವಾಗಿ ನಮ್ಮ ಮನೆಯ ಕನ್ನಡಿಯಲ್ಲೂ ಕಂಡಿರಲಿಲ್ಲ. ತಲೆಗೂದಲು ಸ್ವಲ್ಪ ಸರಿಪಡಿಸಿಕೊಂಡೆ.

ಅಕ್ಕ ಗೋಣಿ ಸರಿಸಿ ಒಳಗೆ ಬಂದದ್ದು ಆಗ. ಗಂಟೆ ಹತ್ತು ದಾಟಿತ್ತು, ರಾಹು ಯಾರಿಗೂ ಕಾಯುವುದಿಲ್ಲ. ಸೆರಗನ್ನು ಮೂಗಿಗೆ ಹಿಡಿದು, ತಟ್ಟೆ ಎತ್ತಿಕೊಂಡು ಸೀದಾ ಬಾನೆಟ್ಟಿನ ಎಡಬದಿಗೆ ಹೋಗಿ ನಿಂತಳು. ಮಹಬೂಬ್ ಭಾಯಿ ಬಲಬದಿಯಲ್ಲಿ ಬಗ್ಗಿ, ಮುಖವಾಡ ಕೊರಳಿಗೆ ಇಳಿಸಿ, ಚಕ್ರದ ಮೇಲಿನ ಅಂಚು ನೋಡುತ್ತಿದ್ದರು. ಅಕ್ಕ ನನ್ನತ್ತ ತಿರುಗದೆಯೇ ಕೈ ಚಾಚಿದಳು. ‘ಪೊಟ್ಣ ಕೊಡೋ.’

ಕೊಟ್ಟೆ.

ಈ ಒಂದು ಶಬ್ದ ಬರೆಯಲು ನನಗೆ ಮೂರು ವಾರ ಹಿಡಿದಿದೆ. ಮೂರು ಹೆಜ್ಜೆ ಮುಂದೆ ಹೋಗಿ, ಜೇಬಿನಿಂದ ತೆಗೆದು, ಅವಳ ಅಂಗೈ ಮೇಲಿಟ್ಟು, ಮತ್ತೆ ನನ್ನ ಜಾಗಕ್ಕೆ ಬಂದು ನಿಂತೆ. ಅಲ್ಲಾಡಬಾರದು ಎಂಬ ನಿಯಮ ನೆನಪಿತ್ತು, ನೋಡಿ. ಕ್ಲಿಯರ್ ತೆಳುವಾಗಲೆಂದು ಬೆರೆಸುವ ಥಿನ್ನರಿನ ಆವಿ ಗಾಳಿಯಲ್ಲಿ ಎಷ್ಟಿತ್ತೆಂದರೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಆ ನೀರನ್ನು ನಾನು ಸೌಂದರ್ಯಕ್ಕೆ ಬಂದದ್ದೆಂದು ಭಾವಿಸಿದ್ದೆ.

ಮುಂದಿನದನ್ನು ನಾನು ನೇರವಾಗಿ ನೋಡಲೂ ಇಲ್ಲ, ಕಾರಿನ ಹೊಳಪಿನಲ್ಲಿ ನೋಡಿದೆ. ಆ ಕೆಂಪಿನೊಳಗೆ ನನ್ನ ಅಕ್ಕನ ಕೈ, ಕೈಯಲ್ಲಿ ಪೊಟ್ಟಣ, ಪೊಟ್ಟಣದ ಮೇಲಿನ ಚಿತ್ರ ಸಹ ಕಾಣುತ್ತಿತ್ತು. ಅಬ್ಬಾ, ಚಿತ್ರ ಕೂಡ ಕಾಣುತ್ತಲ್ಲ ಎಂದುಕೊಂಡೆ. ಅವಳು ಕಡ್ಡಿ ಗೀರಿದಳು. ಅದರ ತಲೆ ಪುಡಿಯಾಗಿ ಉದುರಿತು. ನನ್ನ ಅಂಗಿಯ ಬೆವರಿಗೆ ಪೊಟ್ಟಣ ಮೆತ್ತಗಾಗಿತ್ತು. ಆ ದಿನ ಮೂರು ಜನರ ಜೀವ ಉಳಿಸುವುದರಲ್ಲಿ ನನ್ನ ಕೊಡುಗೆ ಇದೊಂದೇ, ಬೆವರು. ಅವಳು ‘ಥೂ’ ಎಂದು ಎರಡನೆಯ ಕಡ್ಡಿ ತೆಗೆದಳು. ಆಗ, ಆಗ ಮಾತ್ರ, ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದದ್ದೆಲ್ಲ ಒಟ್ಟಿಗೆ ನನ್ನ ತಲೆಗೆ ಬಂತು. ಬಂದದ್ದು ತಲೆಗೆ ಮಾತ್ರ. ಬಾಯಿಗೆ ಬರಲಿಲ್ಲ, ಕಾಲಿಗೆ ಬರಲಿಲ್ಲ. ಬಾಯಿ ತೆರೆದುಕೊಂಡು ನಿಂತೆ.

ಮಹಬೂಬ್ ಭಾಯಿ ತಲೆಯೆತ್ತಿದರು. ಕೂಗಲಿಲ್ಲ. ಕಾರು ಸುತ್ತಿ ಬರಲು ಸಮಯವಿರಲಿಲ್ಲ. ಬೆಳಗಿನಿಂದ ಯಾವುದರ ಮೇಲೆ ಒಂದು ನೊಣ ಕೂರಲು ಬಿಟ್ಟಿರಲಿಲ್ಲವೋ, ನನ್ನ ಉಸಿರು ತಾಗಬಾರದೆಂದು ನನಗೆ ಬಟ್ಟೆ ಕಟ್ಟಿಸಿದ್ದರೋ, ಆ ಹಸಿ ಬಾನೆಟ್ಟಿನ ಮೇಲೆ ಆ ಮನುಷ್ಯ ಎದೆಯಾನಿಸಿ, ಈಜುವವನಂತೆ ಉದ್ದಕ್ಕೆ ಚಾಚಿಕೊಂಡು, ಬಲಗೈಯಿಂದ ಅಕ್ಕನ ಕೈಯನ್ನೂ ಪೊಟ್ಟಣವನ್ನೂ ಒಟ್ಟಿಗೆ ಮುಚ್ಚಿ ಹಿಡಿದರು. ಕಡ್ಡಿ ಪೊಟ್ಟಣಕ್ಕೆ ತಾಗಿಕೊಂಡೇ ಇತ್ತು. ‘ವದ್ದಮ್ಮಾ,’ ಎಂದರು, ಬೆಳಿಗ್ಗೆ ಮಾವಿನ ಹೂವಿನ ಬಗ್ಗೆ ಮಾತಾಡಿದ ಅದೇ ತೆಲುಗಿನಲ್ಲಿ, ಅದೇ ದನಿಯಲ್ಲಿ. ಬೇಡಮ್ಮಾ. ‘ಆ ಪೆಟ್ಟೆ ನಾಕು ಇಚ್ಚೇಯಮ್ಮಾ.’ ಆ ಪೆಟ್ಟಿಗೆ ನನಗೆ ಕೊಟ್ಟುಬಿಡು. ಅಕ್ಕ ಕೊಟ್ಟಳು. ಮಗು ಕೇಳಿದಾಗ ಬೆಲ್ಲದ ಚೂರು ಕೊಡುವಂತೆ ಕೊಟ್ಟಳು.

ಅವರು ನಿಧಾನವಾಗಿ ಎದ್ದು, ನಮ್ಮಿಬ್ಬರನ್ನೂ ಮುಂದೆ ಮಾಡಿಕೊಂಡು ಹೊರಗೆ ಬಂದರು. ಪೊಟ್ಟಣವನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಅದು ತಳ ಮುಟ್ಟುವವರೆಗೂ ನೋಡಿದರು. ಆಮೇಲೆ ಕಲ್ಲಿನ ಮೇಲೆ ಕೂತರು. ಅವರ ಗಡ್ಡದಲ್ಲೂ ಅಂಗಿಯ ಎದೆಯಲ್ಲೂ ಕ್ಲಿಯರ್ ಹೊಳೆಯುತ್ತಿತ್ತು. ಎರಡು ಲೋಟ ನೀರನ್ನು ಒಂದರ ಹಿಂದೊಂದು ಕುಡಿದರು. ಏನಾಗುವುದಿತ್ತು ಎಂದು ಅವರು ಅಕ್ಕನಿಗೆ ಎರಡೇ ಮಾತಿನಲ್ಲಿ ಹೇಳಿದರು. ಅವಳು ಒಮ್ಮೆ ಷೆಡ್ಡು ನೋಡಿದಳು, ಒಮ್ಮೆ ತನ್ನ ಕೈ ನೋಡಿಕೊಂಡಳು.

‘ಕೂಗಬಾರದಿತ್ತೇ ಮಹಬೂಬ್ ಭಾಯ್?’ ಎಂದು ಕೇಳಿದೆ. ನನ್ನ ದನಿ ಆಗಷ್ಟೇ ವಾಪಸು ಬಂದಿತ್ತು.

‘ಕೂಗಿದ್ರೆ ಮನುಷ್ಯ ಬೆಚ್ಚುತ್ತಾನೆ ಮೇಷ್ಟ್ರೇ. ಕಡ್ಡಿ ಹಿಡಿದಿರೋ ಕೈ ಬೆಚ್ಚಿದ್ರೆ ಏನ್ ಮಾಡುತ್ತೆ? ಗೀರೇ ಗೀರುತ್ತೆ.’

ಅಕ್ಕ ಕಣ್ಣೊರೆಸಿಕೊಂಡು, ‘ನಿನ್ನ ಬಣ್ಣ ಹಾಳಾಯ್ತಲ್ಲಪ್ಪಾ,’ ಎಂದಳು.

‘ಬಣ್ಣಕ್ಕೇನೂ ಆಗಿಲ್ಲಮ್ಮ. ಮೇಲಿಂದು ಕೆಟ್ಟಿದೆ, ಅಷ್ಟೇ. ಅದಿರೋದೇ ಅದಕ್ಕೆ. ಉಜ್ಜಿ ಮತ್ತೆ ಹೊಡೆದ್ರಾಯ್ತು.’ ಹಾಗೆಂದವರು ಗಡಿಯಾರ ನೋಡಿ, ‘ರಾಹುಕಾಲಕ್ಕೆ ಇನ್ನೂ ಹನ್ನೆರಡು ನಿಮಿಷ ಇದೆ. ಪೂಜೆ ಬಿಡಬೇಡಿ. ಆದ್ರೆ ಇಲ್ಲಲ್ಲ, ಆಚೆ ರಸ್ತೆ ಪಕ್ಕ ಹುಣಸೆಮರ ಇದೆಯಲ್ಲ, ಅಲ್ಲಿ,’ ಎಂದರು.

ಗಾಡಿಯಿಲ್ಲದೆ ಗಾಡಿಪೂಜೆ ಹೇಗೆ ಎಂದು ಅಕ್ಕ ತಡವರಿಸಿದಾಗ ಮಹಬೂಬ್ ಭಾಯಿಯೇ ಒಳಗೆ ಹೋಗಿ, ಬಣ್ಣಕ್ಕಾಗಿ ಬಿಚ್ಚಿಟ್ಟಿದ್ದ ನಂಬರ್ ಪ್ಲೇಟನ್ನೂ ಎರಡು ವೈಪರ್ ಕಡ್ಡಿಗಳನ್ನೂ ತಂದು ಹುಣಸೆಮರಕ್ಕೆ ಒರಗಿಸಿದರು. ಟೀ ಅಂಗಡಿಯಿಂದ ಬೇರೆ ಪೊಟ್ಟಣ ಬಂತು, ಅದನ್ನು ನನ್ನ ಕೈಗೆ ಯಾರೂ ಕೊಡಲಿಲ್ಲ. ಅಕ್ಕ ನಂಬರ್ ಪ್ಲೇಟಿಗೆ ಕುಂಕುಮವಿಟ್ಟು, ಕರ್ಪೂರ ಬೆಳಗಿ, ನಿಂಬೆಹಣ್ಣು ನಿವಾಳಿಸಿದಳು. ಬಸ್ಸಿನಲ್ಲಿ ಹೋಗುತ್ತಿದ್ದವರು, ಇವರ ಕಾರಿನಲ್ಲಿ ಪಾಪ ಇಷ್ಟೇ ಉಳಿದದ್ದು ಎಂಬ ಮುಖ ಮಾಡಿ ನೋಡಿದರು. ಅಕ್ಕ ಆರತಿ ತಟ್ಟೆಯನ್ನು ಮಹಬೂಬ್ ಭಾಯಿಯ ಕಡೆಗೂ ಹಿಡಿದು, ಮತ್ತೆ ಸಂಕೋಚದಿಂದ ಹಿಂದಕ್ಕೆ ತೆಗೆದುಕೊಂಡಳು. ಅವರು ನಕ್ಕು, ‘ದೂರದಿಂದಲೇ ಸಾಕಮ್ಮ, ನನ್ನ ಮೈತುಂಬ ಥಿನ್ನರು,’ ಎಂದರು.

ಒಳಗೆ ಹೋಗಿ ಬಾನೆಟ್ಟು ನೋಡಿದೆ. ಆ ಆಳವಾದ ಕೆಂಪಿನ ನಡುವೆ ಒಬ್ಬ ಮನುಷ್ಯನ ಎದೆ, ಒಂದು ತೋಳು, ಅಂಗಿಯ ಮೂರು ಗುಂಡಿ ಅಚ್ಚೊತ್ತಿದ್ದವು. ನಾನು ಭಾವುಕನಾಗಿ, ‘ಇದನ್ನ ಹೀಗೇ ಬಿಟ್ಟುಬಿಡಿ ಮಹಬೂಬ್ ಭಾಯ್. ನಾನು ದಿನಾ ನೋಡ್ತೀನಿ,’ ಎಂದೆ. ಅವರಿಗೆ ನಿಜವಾಗಿ ಸಿಟ್ಟು ಬಂದದ್ದು ಆ ದಿನದಲ್ಲಿ ಇದೊಂದು ಮಾತಿಗೆ. ‘ನೀವು ನೋಡ್ತೀರಿ. ಊರೋರು ನೋಡಿ ಈ ಕ್ಲಿಯರ್ ಯಾರು ಹೊಡೆದ್ರು ಅಂತ ಕೇಳ್ತಾರಲ್ಲ, ಆಗ ನನ್ನ ಹೆಸರು ಹೇಳ್ತೀರಾ?’ ಮುಂದಿನ ವಾರ ಬಾನೆಟ್ಟನ್ನು ಉಜ್ಜಿ ಮತ್ತೆ ಹೊಡೆದರು. ಈ ಸಲ ನಾನು ಒಳಗೆ ಬರಲೇ ಎಂದು ಕೇಳಿದ್ದಕ್ಕೆ ಬಹಳ ಮರ್ಯಾದೆಯಿಂದ, ‘ನೀವು ಟೀ ಕುಡೀರಿ ಮೇಷ್ಟ್ರೇ,’ ಎಂದರು.

ಆಮೇಲಿನಿಂದ ನನಗೆ ಸ್ನಾನ ಮಾಡುವಾಗ, ಹಾಜರಿ ಕರೆಯುವಾಗ, ಇದ್ದಕ್ಕಿದ್ದ ಹಾಗೆ ಆ ಎರಡನೆಯ ಕಡ್ಡಿ ಕಾಣಿಸುತ್ತದೆ. ಒಮ್ಮೊಮ್ಮೆ ಅದು ಗೀರಿಕೊಳ್ಳುತ್ತದೆ. ಸೋಮವಾರ ತರಗತಿಯಲ್ಲಿ ಆವಿಗಳ ಪಾಠ ಮಾಡುವಾಗ ನನ್ನ ದನಿ ಎಷ್ಟು ನಡುಗಿತೆಂದರೆ, ಹುಡುಗರು ಮೊದಲ ಬಾರಿಗೆ ನೋಟ್ಸ್ ಬರೆದುಕೊಂಡರು. ಒಬ್ಬಳು ಎದ್ದು ನಿಂತು, ‘ಸರ್, ಇದನ್ನ ನೀವು ಎಲ್ಲಾದರೂ ನೋಡಿದ್ದೀರಾ?’ ಎಂದು ಕೇಳಿದಳು. ‘ನನಗೆ ಗೊತ್ತಿರುವ ಒಬ್ಬರು ನೋಡಿದ್ದಾರೆ,’ ಎಂದೆ.

ಕಾರು ಕೈಗೆ ಬಂದ ಭಾನುವಾರ, ಅಲ್ಲಿಯವರೆಗೆ ನಮ್ಮ ಮನೆಯಲ್ಲೇ ಉಳಿದಿದ್ದ ಅಕ್ಕನನ್ನು ಕೂರಿಸಿಕೊಂಡು ಯಲ್ದೂರಿಗೆ ಹೊರಟೆ. ಶ್ರೀನಿವಾಸಪುರದ ರಸ್ತೆಯ ಮಾವಿನ ತೋಪುಗಳು ಒಂದಾದ ಮೇಲೊಂದು ಬಾನೆಟ್ಟಿನ ಮೇಲೆ ಹರಿದು ಹೋಗುತ್ತಿದ್ದವು. ಆ ಶುಕ್ರವಾರದ ವಿಷಯಕ್ಕೆ ಅವಳಿಗೆ ನಾನು ಒಂದು ಮಾತೂ ಅಂದಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅಕ್ಕನನ್ನು ಗದರಿಸುವ ಹಕ್ಕು ನನಗೆ ಬಂದಿದೆ ಎನ್ನಿಸಿತು. ಧೈರ್ಯ ಮಾಡಿ ಶುರುಮಾಡಿದೆ. ‘ಅಲ್ಲಕ್ಕಾ, ಅಷ್ಟು ವಾಸನೆ ಇತ್ತಲ್ಲ. ಮೂಗಿಗೆ ಬಡೀಲಿಲ್ವಾ ನಿಂಗೆ? ಸ್ವಲ್ಪ ಯೋಚನೆ ಮಾಡ್ಬಾರ್ದಾಗಿತ್ತಾ?’

ಅಕ್ಕ ತೋಪುಗಳಿಂದ ಕಣ್ಣು ತೆಗೆದು ನನ್ನತ್ತ ತಿರುಗಿದಳು.

‘ಬಡೀದೆ ಏನು. ಒಳಗೆ ಕಾಲಿಟ್ಟಾಗ್ಲೇ ತಲೆ ತಿರುಗ್ತು. ಸೀಮೆಎಣ್ಣೆ ಥರ ಇದ್ಯಲ್ಲ, ಇಲ್ಲಿ ಬೆಂಕಿ ಹಚ್ಬೋದಾ ಅಂತ ಮನಸ್ಸಿಗೂ ಬಂತು ಕಣೋ. ಅದಕ್ಕೇ ನಿನ್ನ ಪೊಟ್ಣ ಕೇಳ್ದೆ. ಹಚ್ಬಾರ್ದು ಅನ್ನೋ ಹಂಗಿದ್ರೆ ಇವನು ಕೊಡಲ್ಲ, ಅದೇ ಪಾಠ ತಾನೆ ಇವನು ಹೇಳೋದು ಅಂದ್ಕೊಂಡೆ. ನೀನು ಕೊಟ್ಟೆ. ಧೈರ್ಯವಾಗಿ ಗೀರಿದೆ.’

ನಾನು ಕಾರಿನ ಗಾಜುಗಳನ್ನೆಲ್ಲ ಇಳಿಸಿದೆ.

‘ಯಾಕೋ, ಸೆಕೇನಾ?’ ಎಂದಳು.

‘ಹೂಂ,’ ಎಂದೆ.